ಸೀರವ್ವನ ನೀರಿನ ಉಪ್ಪಿನಕಾಯಿ

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರ ದಾಟಿ, ಎಂಟನೆಯದು ಹೆಪ್ಪುಗಟ್ಟಿದ್ದರಿಂದ ಅದರ ಮೇಲೆ ನಡೆದುಕೊಂಡೇ ಹೋದರೆ, ಒಂದು ಊರು. ಆ ಊರಲ್ಲಿ ಒಂದು ಮರದ ಬೇಲಿ. ಬೇಲಿಯ ಈಚೆ ಒಬ್ಬ ಮುದುಕಿ, ಆಚೆ ಒಬ್ಬ ಮುದುಕಿ. ಈಚೆಯವಳ ಮಾತು ಆಚೆಯವಳಿಗೆ ತಿಳಿಯದು, ಆಚೆಯವಳದು ಈಚೆಯವಳಿಗೆ ತಿಳಿಯದು. ಆದರೂ ಇಬ್ಬರೂ ದಿನಾ ಮಾತಾಡುತ್ತಿದ್ದರು.

ಕತೆ ಹೀಗೇ ಶುರುವಾಗಬೇಕು, ಕೇಳುವವರು ಮಾತುಮಾತಿಗೆ ಹ್ಞೂಂ ಅನ್ನಬೇಕು, ಇಲ್ಲದಿದ್ದರೆ ಕತೆ ಮುನಿಸಿಕೊಂಡು ತವರಿಗೆ ಹೋಗುತ್ತದೆ ಅಂತ ನನ್ನ ಆಯಿ ಹೇಳುತ್ತಿದ್ದಳು. ಆಯಿ ಅಂದರೆ ನನ್ನ ಅವ್ವನ ಅವ್ವ, ಚನ್ನಬಸವ್ವ. ಈಚೆಯ ಮುದುಕಿ ಅವಳೇ. ನಾನು ಹುಟ್ಟಿದಾಗ ಬಾಣಂತನಕ್ಕೆಂದು ಬಾಗಲಕೋಟೆಯಿಂದ ಕೆನಡಾದ ಸ್ಕಾರ್ಬರೋಗೆ ಬಂದವಳು ಹಿಂದಕ್ಕೆ ಹೋಗಲೇ ಇಲ್ಲ. ಅಪ್ಪನಿಗೆ ವಾನ್‌ನ ವೇರ್‌ಹೌಸಿನಲ್ಲಿ ಶಿಫ್ಟು; ಅವ್ವ ಬೆಳಕು ಹರಿಯುವ ಮುಂಚೆಯೇ ಕಾರು ಹತ್ತಿ ಮೆಡೋವೇಲ್‌ನ ಆಫೀಸಿಗೆ. ಹೀಗಾಗಿ ನನ್ನನ್ನು ಬೆಳೆಸಿದ್ದು ಆಯಿ ಮತ್ತು ಅವಳ ಕತೆಗಳು. ರಾಕ್ಷಸನ ಜೀವ ಗಿಳಿಯೊಳಗೆ ಬಚ್ಚಿಟ್ಟಿರುವ ಲೋಕವೇ ನನಗೆ ನಿಜವಾಗಿತ್ತು. ಸ್ಕೂಲು, ಬಸ್ಸು, ಹಿಮ ಎಲ್ಲ ಅದರ ಸೆರಗು.

ಆಚೆಯ ಮುದುಕಿ ಸಿರಾನುಷ್. ಅರ್ಮೇನಿಯನ್ನರು, ಆದರೆ ಬೇರೂತಿನಲ್ಲಿ ಹುಟ್ಟಿ ಬೆಳೆದು, ಅಲ್ಲಿಯ ಯುದ್ಧದ ಕಾಲಕ್ಕೆ ಇಲ್ಲಿಗೆ ಬಂದವರು. ಆಯಿಯ ಬಾಯಲ್ಲಿ ಅವಳು ಸೀರವ್ವ ಆದಳು. ಅವಳ ಗಂಡ ಹಾಗೋಪ್, ವಾಚ್ ರಿಪೇರಿ ಅಂಗಡಿ ಇಟ್ಟಿದ್ದವನು, ಹಾಗಪ್ಪ ಆದ. ನನಗೆ ಹಾಗಪ್ಪಜ್ಜ.

"ಇವತ್ತ ಮೊಣಕಾಲ ಹಿಡದಾವ ನೋಡವಾ," ಅಂತ ಆಯಿ ಬೇಲಿಯ ಮೇಲಿನಿಂದ ಹೇಳುವಳು. ಸೀರವ್ವ ತನ್ನ ಭಾಷೆಯಲ್ಲಿ ಏನೋ ಗೊಣಗಿ ಸೊಂಟ ಹಿಡಿದುಕೊಳ್ಳುವಳು.

"ಸೊಂಟ? ಉಸುಕ ಬಿಸಿ ಮಾಡಿ ಅರಿವ್ಯಾಗ ಕಟ್ಟಿ ಶಾಖಾ ಕೊಡು. ಗಂಡಗ ಹೇಳು, ಬರೇ ಗಡಿಯಾರ ಬಿಚ್ಚಕೋತ ಕುಂತಿರತಾನ."

ಸೀರವ್ವ ಗಂಡನ ಕಡೆ ಬೊಟ್ಟು ಮಾಡಿ ನಗುವಳು. ಅದೊಂದು ಮಾತು ಮಾತ್ರ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತಿತ್ತು.

ಅವಳ ಹಿತ್ತಲ ತುಂಬ ಟೊಮ್ಯಾಟೊ. ಬೇಸಿಗೆಯಲ್ಲಿ ಹಣ್ಣಾದಷ್ಟು ಹಣ್ಣು. ಮೊದಲ ಮಂಜು ಬೀಳುವ ಮುಂಚೆ ಗಿಡದಲ್ಲಿ ಹಸಿರಾಗಿ ಉಳಿದ ಗಟ್ಟಿ ಕಾಯಿಗಳನ್ನು ಕಿತ್ತು ಉಪ್ಪಿನಕಾಯಿ ಹಾಕುತ್ತಿದ್ದಳು. ಕಾಯಿಯ ಹೊಟ್ಟೆ ಸೀಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಸೆಲರಿ ಸೊಪ್ಪು ತುಂಬಿ, ದಾರ ಸುತ್ತಿ, ಜಾಡಿಗೆ ಜೋಡಿಸಿ ಮೇಲೆ ಉಪ್ಪುನೀರು. ಪ್ರತಿ ವರ್ಷ ಒಂದು ಬಟ್ಟಲು ಬೇಲಿ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಆಯಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಒಳಗೆ ತಂದು ನಮ್ಮ ಮುಂದೆ ಇಡುತ್ತಿದ್ದಳು. ಒಂದು ತುಣುಕೂ ತಾನು ಬಾಯಿಗೆ ಹಾಕುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವಳು; ಮಾಂಸ ಬೇಯಿಸುವ ಮನೆಯದು ತಿನ್ನಲೊಲ್ಲಳು. "ನಿಮ್ಮ ಹೊಟ್ಟಿಗಿ ಹೋದರ ನನ್ನ ಹೊಟ್ಟಿಗಿ ಹೋದಂಗ," ಅನ್ನುತ್ತಿದ್ದಳು. ಹೇಗಿತ್ತು ಅಂತ ಸೀರವ್ವ ಕೈಸನ್ನೆಯಲ್ಲಿ ಕೇಳಿದರೆ ಬೆರಳು ಮಡಚಿ ತುಟಿಗೆ ಮುಟ್ಟಿಸಿ, ಭಾಳ ಚಲೋ ಅಂತ ತೋರಿಸುತ್ತಿದ್ದಳು.

ನನ್ನ ಹನ್ನೆರಡನೆಯ ಕ್ಲಾಸಿನ ವರ್ಷ, ಮೇ ತಿಂಗಳಲ್ಲಿ, ಸೀರವ್ವ ಕ್ಯಾನ್ಸರಿನಿಂದ ತೀರಿಕೊಂಡಳು.

ಅವರಲ್ಲಿ ನಲವತ್ತನೆಯ ದಿನಕ್ಕೆ ಚರ್ಚಿನಲ್ಲಿ ಪ್ರಾರ್ಥನೆ, ಮನೆಯಲ್ಲಿ ಊಟ. ಮಗಳು ಮರಾಲ್ ಇರುವುದು ಒಶಾವಾದಲ್ಲಿ, ಅಲ್ಲಿಯ ಕಾಲೇಜಿನಲ್ಲಿ ಕೆಲಸ. ಆ ದಿನದ ಹೊತ್ತಿಗೇ ಬರುತ್ತಾಳೆ ಅಂತ ಗೊತ್ತಾದದ್ದೇ ತಡ, ಆಯಿ ಸೆರಗು ಬಿಗಿದು ಅವರ ಮನೆಗೆ ನುಗ್ಗಿದಳು. ನನಗೂ ಒಂದು ಕಸಬರಿಗೆ. ಹಾಗಪ್ಪಜ್ಜ ಬೇಡ ಬೇಡ ಅಂದ. "ಮಂದಿ ಬರತಾರ. ಹೆಣ್ಮಗಳು ಇಲ್ಲದ ಮನಿ ಹೆಂಗೈತಿ ಅಂತ ಮೂಲಿಮೂಲಿ ನೋಡತಾರ. ಸೀರವ್ವನ ಸಂಸಾರಕ್ಕ ಯಾರೂ ಹೆಸರ ಇಡಬಾರದು. ಹೇಳ ಅವಗ," ಅಂದಳು ಆಯಿ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜ ತಲೆಯಾಡಿಸಿ, ಚರ್ಚಿನ ಕೆಲಸಕ್ಕೆಂದು ಹೊರಟುಹೋದ.

ನಾನು ಮೇಲಿನ ಕೋಣೆಗಳನ್ನು ಗುಡಿಸುತ್ತಿದ್ದೆ. ಆಯಿ ಬೇಸ್‌ಮೆಂಟಿಗೆ ಇಳಿದಿದ್ದಳು. ಅಲ್ಲಿ ಮುಂಬಾಗಿಲ ಮೆಟ್ಟಿಲ ಕೆಳಗೆ ಒಂದು ಕೋಲ್ಡ್ ರೂಮು, ಬೇಸಿಗೆಯಲ್ಲೂ ತಣ್ಣಗಿರುವ ಸಣ್ಣ ಕೋಣೆ. ಆ ಕೋಣೆಯ ಹಲಗೆಯ ಮೇಲೆ ಒಂದೇ ಒಂದು ದೊಡ್ಡ ಗಾಜಿನ ಜಾಡಿ ಉಳಿದಿತ್ತು. ಉಪ್ಪಿನಕಾಯಿಯ ನೀರು ಕದಡಿದೆ. ಮೇಲೆ ಬಿಳಿಯ ಪದರ ಕಟ್ಟಿದೆ.

ಆಯಿಯ ಉಪ್ಪಿನಕಾಯಿ ಶಾಸ್ತ್ರದಲ್ಲಿ ಮೊದಲ ಮಾತೇ ನೀರು ತಾಗಬಾರದು ಅನ್ನೋದು. ಮಾವಿನಕಾಯಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಒಣಗಿದ ಕೈಯಲ್ಲಿ, ಒಣಗಿದ ಸೌಟಿನಲ್ಲಿ. ಒಂದು ಹನಿ ಬಿದ್ದರೆ ಬೂಸ್ಟು, ಬೂಸ್ಟು ಬಂದರೆ ಜಾಡಿಗೆ ಜಾಡಿಯೇ ತಿಪ್ಪೆಗೆ. ಸೀರವ್ವ ಕಾಯಿಲೆಯಲ್ಲಿ ನೋಡಿಕೊಳ್ಳಲಾಗದೆ ಕೆಟ್ಟುಹೋಗಿದೆ ಪಾಪ ಅಂದುಕೊಂಡಳು ಆಯಿ. ನಾಳೆ ಯಾರಾದರೂ ಇಳಿದು ಬಂದು ನೋಡಿದರೆ? ಜಾಡಿಯನ್ನು ಎದೆಗವುಚಿಕೊಂಡು ಮೆಟ್ಟಿಲು ಹತ್ತಿ, ಹಿತ್ತಲ ಗೊಬ್ಬರದ ಗುಂಡಿಗೆ ಸುರುವಿ, ಮೇಲೆ ಕತ್ತರಿಸಿದ ಹುಲ್ಲು ಮುಚ್ಚಿದಳು. ಜಾಡಿಯನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಒಣಗಿದ ಮೇಲೆ ಅದೇ ಹಲಗೆಯ ಮೇಲೆ, ಅದೇ ಜಾಗದಲ್ಲಿ ಇಟ್ಟುಬಂದಳು.

ಮರುದಿನ ಊಟದ ಹೊತ್ತಿಗೆ ಹಿತ್ತಲ ತುಂಬ ಕಪ್ಪು ಬಟ್ಟೆಯ ಜನ. ಹಾಗಪ್ಪಜ್ಜ ಏನೋ ತರಲು ಕೆಳಗೆ ಹೋದವನು ಖಾಲಿ ಜಾಡಿ ಹಿಡಿದುಕೊಂಡು ಬಂದ. ನೇರ ನನ್ನ ಹತ್ತಿರ.

"ಇದರಲ್ಲಿದ್ದದ್ದು ಎಲ್ಲಿ?"

ನಾನು ಆಯಿಯ ಕಡೆ ನೋಡಿದೆ. ಆಯಿ ಹೆಮ್ಮೆಯಿಂದಲೇ ಹೇಳಿದಳು, "ಕೆಟ್ಟಿತ್ತು ಅಂತ ಹೇಳು. ಬೂಸ್ಟು ಬಂದಿತ್ತು. ಗುಂಡಿಗಿ ಹಾಕೇನಿ. ಜಾಡಿ ಲಕಲಕ ಅನ್ನೂವಂಗ ತೊಳದೇನಿ ನೋಡನ್ನು."

ನಾನು ಹೇಳಿದೆ. ಅಜ್ಜನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಆ ಬಿಳಿಯದು ಯಾವಾಗಲೂ ಬರುತ್ತೆ ಮಗೂ," ಅಂದ. "ಚಮಚದಲ್ಲಿ ತೆಗೆದುಬಿಟ್ಟರೆ ಆಯಿತು. ಕೆಳಗಿನದು ಚೆನ್ನಾಗಿರುತ್ತೆ. ಇದು ಅವಳು ಕೊನೆಯ ಸಲ ಹಾಕಿದ್ದು. ನಿಲ್ಲೋಕೆ ಆಗ್ತಿರಲಿಲ್ಲ, ಕುರ್ಚಿ ಮೇಲೆ ಕೂತು ತುಂಬಿದಳು. ಒಂದೊಂದಕ್ಕೂ ದಾರ ಕಟ್ಟಿದಳು. ನಾನು ತಿನ್ನದೇ ಇಟ್ಟಿದ್ದೆ."

ಇದನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಆಯಿ ನನ್ನ ಮುಖ ಓದಿಬಿಟ್ಟಿದ್ದಳು. "ಏನಂತಾನ? ನಿಶೀ, ಏನಂತಾನ, ಹೇಳ!" ಹೇಳಿದೆ.

ಆಯಿ ಅಷ್ಟು ಜನರ ನಡುವೆ ನಡೆದುಹೋಗಿ ಗೊಬ್ಬರದ ಗುಂಡಿಯ ಮುಂದೆ ಮೊಣಕಾಲೂರಿ ಎರಡೂ ಕೈಯಲ್ಲಿ ಹುಲ್ಲು ಕೆದರತೊಡಗಿದಳು. ಇಳಕಲ್ ಸೀರೆಯ ಸೆರಗು ಮಣ್ಣಲ್ಲಿ ಎಳೆಯುತ್ತಿತ್ತು. ಸಿಕ್ಕಿದ್ದು ಮೆತ್ತಗಾದ ಒಂದೆರಡು ಹೋಳು, ಒಂದು ತುಂಡು ದಾರ. ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಕೊನೆಗೆ ಹಾಗಪ್ಪಜ್ಜನೇ ಹೋಗಿ ಅವಳ ಮೊಣಕೈ ಹಿಡಿದು ಎಬ್ಬಿಸಿದ.

"ಯಣ್ಣಾ," ಅಂದಳು ಆಯಿ, ಕನ್ನಡದಲ್ಲೇ, ನನ್ನನ್ನು ನೋಡದೆ. "ನಾ ಹಾಕಿ ಕೊಡತೇನಿ. ಇದ ಜಾಡಿ ತುಂಬತೇನಿ. ನಿನ್ನ ಹಬ್ಬದ ತಾಟಿನ್ಯಾಗ ಇಡತೇನಿ. ಇಡಲಿಲ್ಲಂದ್ರ ನಾ ಚನ್ನಬಸವ್ವ ಅಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ, "ಬೇಕಾಗಿಲ್ಲ ಅಂತ ಹೇಳು," ಅಂದ ಅಜ್ಜ. ಅದನ್ನು ಆಯಿಗೆ ಹೇಳಲಿಲ್ಲ.

ಆ ರಾಕ್ಷಸನ ಗಿಳಿ ನನ್ನ ಕಣ್ಣ ಮುಂದೆ ಬರುತ್ತಿತ್ತು, ಬೇಸಿಗೆಯೆಲ್ಲ. ಹಾಗಪ್ಪಜ್ಜನ ಜೀವ ಆ ಜಾಡಿಯಲ್ಲಿತ್ತು, ನಮ್ಮಾಯಿ ಕತ್ತು ಹಿಚುಕಿದಳು. ಒಂದು ದಿನ ಇದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಆಯಿ ಬೈಯಲಿಲ್ಲ. "ಆಕಿ ಬಟ್ಟಲ ಕೊಟ್ಟಾಗ ಒಂದ ಚೂರು ನಾಲಿಗಿ ಮ್ಯಾಲ ಇಟ್ಟಿದ್ದರ..." ಅಂದಳು. ಆಗ ನನಗೆ ತಿಳಿಯಿತು. ರುಚಿಯೇ ಗೊತ್ತಿಲ್ಲದ್ದನ್ನು ಮಾಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ಆ ವರ್ಷ ಯಾರೂ ನೆಡದಿದ್ದರೂ ಸೀರವ್ವನ ಹಿತ್ತಲಲ್ಲಿ ಉದುರಿದ ಬೀಜದಿಂದ ಗಿಡಗಳು ತಾವಾಗಿ ಎದ್ದವು. ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಮಂಜು ಬೀಳುತ್ತದೆ ಅಂದ ಬೆಳಗ್ಗೆ ಬೇಲಿಯ ಬುಡದಲ್ಲಿ ಒಂದು ಬುಟ್ಟಿ ಹಸಿರು ಟೊಮ್ಯಾಟೊ ಇತ್ತು, ಪಕ್ಕದಲ್ಲಿ ಆ ಜಾಡಿ. ಹಾಗಪ್ಪಜ್ಜ ಬೇಲಿಯ ಆಚೆ ನಿಂತಿದ್ದ. ಬೆಳ್ಳುಳ್ಳಿ ಸುಲಿದು ಕೊಡುವುದು, ದಾರ ಕತ್ತರಿಸುವುದು ಇಷ್ಟು ವರ್ಷ ಅವನ ಕೆಲಸವಾಗಿತ್ತಂತೆ. ತುಂಬುವುದೆಲ್ಲ ಹೇಳಿಕೊಟ್ಟ. ಉಪ್ಪಿನ ಮಾತು ಬಂದಾಗ ಹೇಳಿದ, "ನೀರಿಗೆ ಹಸಿ ಮೊಟ್ಟೆ ಬಿಡಬೇಕು. ಮುಳುಗಿದರೆ ಉಪ್ಪು ಸಾಲದು. ತೇಲಿ, ನೀರ ಮೇಲೆ ಒಂದು ಕ್ವಾರ್ಟರ್ ನಾಣ್ಯದಷ್ಟು ತಲೆ ಕಾಣಿಸಿದರೆ ಸರಿ."

"ತತ್ತಿ?" ಆಯಿ ಒಂದು ಹೆಜ್ಜೆ ಹಿಂದೆ ಸರಿದಳು. "ನಮ್ಮ ಮನ್ಯಾಗ?"

"ಆಯಿ, ಅಪ್ಪ ತರೋ ಬರ್ತ್‌ಡೇ ಕೇಕಲ್ಲಿ ಮೊಟ್ಟೆ ಇರುತ್ತೆ," ಅಂದೆ.

"ಗೊತ್ತಿಲ್ಲೇನ ನನಗ? ಕಾಣಲಾರದ್ದಕ್ಕ ಕಣ್ಣ ಮುಚ್ಚೀನಿ. ಕಂಡದ್ದನ್ನ ಕೈಯಾಗ ಹಿಡಿ ಅಂದರ? ಬ್ಯಾಡ. ಉಪ್ಪು ನನ್ನ ಕೈಗೆ ಗೊತ್ತೈತಿ. ಐವತ್ತ ವರ್ಷ ಹಾಕೇನಿ."

ಕೈಯ ಅಳತೆಯಲ್ಲೇ ಹಾಕಿದಳು. ಆದರೆ ಅದು ಒಣ ಉಪ್ಪಿನಕಾಯಿಯ ಕೈ. ಅಷ್ಟೊಂದು ನೀರಿಗೆ ಎಷ್ಟು ಬೇಕೆಂದು ಅದಕ್ಕೇನು ಗೊತ್ತು?

ಅವರ ಕ್ರಿಸ್‌ಮಸ್ ಜನವರಿ ಆರಕ್ಕೆ. ಆಯಿ ಹೊಸ ಸೀರೆ ಉಟ್ಟು, ಜಾಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿಮದಲ್ಲಿ ಪಕ್ಕದ ಮನೆಗೆ ನಡೆದಳು. ಮುಚ್ಚಳ ತೆಗೆದ ಕೂಡಲೇ ವಾಸನೆ ಹೊಡೆಯಿತು. ಕಾಯಿಗಳು ಮುಟ್ಟಿದರೆ ಲೊಳಕ್ಕನೆ ಕುಸಿಯುತ್ತಿದ್ದವು. ಹಾಗಪ್ಪಜ್ಜ ಮೆಲ್ಲಗೆ ಮುಚ್ಚಳ ಹಾಕಿ, "ಇರಲಿ, ಮುಂದಿನ ವರ್ಷ," ಅಂದ. ಆಯಿ ಅಲ್ಲಿ ಅಳಲಿಲ್ಲ. ಮನೆಗೆ ಬಂದು ಒಗೆಯುವ ಮಷಿನ್ನಿನ ಪಕ್ಕ ಕೂತು, ಅದು ತಿರುಗುತ್ತಿರುವಷ್ಟು ಹೊತ್ತೂ ಅತ್ತಳು, ಸದ್ದು ಕೇಳಬಾರದೆಂದು.

ಮುಂದಿನ ವರ್ಷ ಎನ್ನುವುದು ಸುಲಭವಾಗಿ ಬರಲಿಲ್ಲ. ಬೇಸಿಗೆಯಲ್ಲಿ ಆಯಿಯ ಹೃದಯದ ಕವಾಟ ಸೋರುತ್ತಿದೆ ಅಂದರು ಡಾಕ್ಟರು; ಆಪರೇಷನ್ನಿಗೆ ಮೈ ತಾಳುವುದಿಲ್ಲ, ಭಾರ ಎತ್ತಬಾರದು ಅಂದರು. ಬೇಲಿಯ ಆಚೆ ಹಾಗಪ್ಪಜ್ಜನ ಕೈ ನಡುಗತೊಡಗಿತ್ತು, ಸ್ಕ್ರೂಡ್ರೈವರ್ ಹಿಡಿಯಲಾಗದಷ್ಟು. ಮರಾಲ್ ಬಂದು ಮನೆಯ ಮುಂದೆ ಮಾರಾಟದ ಬೋರ್ಡು ನಿಲ್ಲಿಸಿದಳು. ದೀಪಾವಳಿಯ ಹೊತ್ತಿಗೆ ತನ್ನ ಅಪ್ಪನನ್ನು ಒಶಾವಾಕ್ಕೆ ಕರೆದೊಯ್ಯುತ್ತಾಳಂತೆ. ಹಿತ್ತಲು, ಗಿಡ ಎಲ್ಲ ಬೇರೆಯವರದಾಗುತ್ತದೆ.

"ಇದ ಕಡೀ ಕಾಯಿ," ಅಂದಳು ಆಯಿ, ಕಿಟಕಿಯಿಂದ ಆ ಗಿಡಗಳನ್ನು ನೋಡುತ್ತ. ಅವ್ವ, "ಅಂಗಡ್ಯಾಗ ಸಿಗತಾವಲ್ಲ, ನಾ ತಂದು ಕೊಡತೇನಿ," ಅಂದರೆ, "ಅಂಗಡೀದು ಅಂಗಡೀದು, ಆಕೀದು ಆಕೀದು," ಅಂದು ಮುಗಿಸಿಬಿಟ್ಟಳು.

ಕಾಯಿ ಕೊಯ್ದ ದಿನ ಹಾಗಪ್ಪಜ್ಜ ನಮ್ಮ ಅಡಿಗೆಮನೆಗೇ ಬಂದ. ಮೇಜಿನ ಸುತ್ತ ಮೂವರೂ ಕೂತೆವು. ಅಜ್ಜನಿಗೆ ಬೆಳ್ಳುಳ್ಳಿ ಸುಲಿಯಲು ಆಗುತ್ತಿರಲಿಲ್ಲ, ನಾನು ಸುಲಿದೆ. ಆಯಿ ಸೀಳಿ ತುಂಬಿದಳು. ಸೆಲರಿ ಸೊಪ್ಪನ್ನು ಮೂಸಿ, "ಅಜವಾನದ ಮೊಮ್ಮಗಳ ಇದ್ದಂಗೈತಿ," ಅಂದಳು. ದಾರ ಕಟ್ಟಿದಳು, ಜಾಡಿಯಲ್ಲಿ ಜೋಡಿಸಿದಳು, ಪಾತ್ರೆಯಲ್ಲಿ ಕಾಯಿಸಿ ಆರಿಸಿದ ನೀರಿಗೆ ಉಪ್ಪು ಕದಡಿದಳು. ಇನ್ನು ಉಳಿದದ್ದು ಮೊಟ್ಟೆ.

ಅಜ್ಜ ಕೋಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ಮೊಟ್ಟೆ ತೆಗೆದ. "ನೀವು ಮುಟ್ಟಬೇಡಿ ಅಂತ ಹೇಳು. ನಾನೇ ಬಿಡ್ತೀನಿ." ಪಾತ್ರೆಯ ಮೇಲೆ ಕೈ ಚಾಚಿದ. ಕೈ ಗಡಗಡ ನಡುಗಿ ಮೊಟ್ಟೆ ಪಾತ್ರೆಯ ಅಂಚಿಗೆ ಟಕ್ ಟಕ್ ಅಂತ ಬಡಿಯತೊಡಗಿತು. ಇನ್ನೊಂದು ಸಲ ಬಡಿದರೆ ಒಡೆದು ನೀರೆಲ್ಲ ಹಾಳು. ನಾನು ಎದ್ದೆ.

"ನೀ ಕುಂಡ್ರು," ಅಂದಳು ಆಯಿ. "ಮಾತ ಕೊಟ್ಟಾಕಿ ನಾನು."

ಬಲಗೈ ಚಾಚಿ ಅವನ ಬೆರಳುಗಳ ನಡುವಿನಿಂದ ಮೊಟ್ಟೆಯನ್ನು ತೆಗೆದುಕೊಂಡಳು. ಎಡಗೈಯಲ್ಲಿ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿ ಮುಚ್ಚಿಕೊಂಡಳು, ಅದು ನೋಡಬಾರದೆನ್ನುವಂತೆ. ಮೊಟ್ಟೆಯನ್ನು ನೀರಿಗಿಳಿಸಿದಳು. ಅದು ನೇರ ತಳಕ್ಕೆ ಹೋಗಿ ಕೂತಿತು.

"ಅಯ್ಯ! ಐವತ್ತ ವರ್ಷದ ಕೈ ನೋಡಿದಿ?" ಅಂದು ನಕ್ಕಳು. ಒಂದು ಮುಷ್ಟಿ ಉಪ್ಪು. ಮತ್ತೊಂದು. ಮೊಟ್ಟೆ ಅಲುಗಿತು, ಬಿದ್ದಿತು, ಮತ್ತೆ ಅಲುಗಿತು. ಇನ್ನೊಂದು ಮುಷ್ಟಿಗೆ ಮೆಲ್ಲಗೆ ಎದ್ದು ಬಂದು ನೀರಿನ ಮೇಲೆ ತಲೆ ತೋರಿಸಿತು.

"ಸ್ಟಾಪ್!" ಅಂದ ಅಜ್ಜ. ಅದು ಆಯಿಗೂ ಅರ್ಥವಾಯಿತು.

ಆಯಿ ಆ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು. "ಇಷ್ಟ ಉಪ್ಪ ಹಾಕತಿದ್ದಿ ನೋಡ ನೀ," ಅಂದಳು. ನಮಗಲ್ಲ. ಆಮೇಲೆ ಸೌಟಿನಿಂದ ಮೊಟ್ಟೆ ಎತ್ತಿ ಅಜ್ಜನ ಕೈಗೆ ಕೊಟ್ಟು, ಆ ನೀರನ್ನು ಜಾಡಿಗೆ ಸುರಿದು, ಕಾಯಿ ಮೇಲೇಳದಂತೆ ಒಂದು ತೊಳೆದ ಕಲ್ಲಿಟ್ಟು ಮುಚ್ಚಳ ಬಿಗಿದಳು. ತಲೆಯ ಮೇಲೆ ನೀರು ಹಾಕಿಕೊಂಡು ಪೂಜೆಗೆ ಕೂತವಳು ಅವತ್ತು ಊಟಕ್ಕೆ ಏಳಲಿಲ್ಲ.

ಅಜ್ಜ ಒಶಾವಾಕ್ಕೆ ಹೊರಟಾಗ ಆಯಿ ಬಾಗಿಲಲ್ಲಿ ನಿಂತು ಕೂಗಿದಳು, "ಜನವರಿಗೆ ತರತೇನಿ, ಯಣ್ಣಾ!" ಅಜ್ಜ ಕಾರಿನಿಂದ ಕೈ ಎತ್ತಿದ.

ನವೆಂಬರಿನ ಒಂದು ಮಧ್ಯಾಹ್ನ ನಾನು ಯೂನಿವರ್ಸಿಟಿಯಿಂದ ಬಂದಾಗ ಆಯಿ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದಳು. ಮಡಿಲಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ನಮ್ಮಲ್ಲಿ ಹೋದವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಇಲ್ಲಿಯ ಸ್ಮಶಾನದವರು ಅದಕ್ಕೆ ಒಪ್ಪಲಿಲ್ಲ. ಇಡೀ ಆಯುಷ್ಯ ಹಗಲು ಹೊತ್ತು ಒಂದು ಸಲವೂ ಮಲಗದ ನನ್ನ ಆಯಿಯನ್ನು ಮಲಗಿಸಿಯೇ ಇಳಿಸಿದೆವು.

ಜಾಡಿ ನಮ್ಮ ಬೇಸ್‌ಮೆಂಟಿನಲ್ಲಿತ್ತು. ಮೊದಲು ಅದರ ನೆನಪೇ ಆಗಲಿಲ್ಲ. ನೆನಪಾದ ಮೇಲೆ ದಿನಾ ಇಳಿದು ಹೋಗಿ ಅದರ ಮುಂದೆ ಕೂರತೊಡಗಿದೆ. ಗಾಜಿಗೆ ಒತ್ತಿಕೊಂಡು ಆಯಿ ಕಟ್ಟಿದ ದಾರದ ಗಂಟುಗಳು ಕಾಣುತ್ತಿದ್ದವು. ಇದನ್ನು ಯಾರೂ ಮುಟ್ಟಬಾರದು ಅನ್ನಿಸಿತು. ಹಾಗಪ್ಪಜ್ಜನಿಗೆ ಫೋನು ಮಾಡಿ ಕೆಟ್ಟುಹೋಯಿತು ಅಂದುಬಿಟ್ಟರೆ ಅವನು ನಂಬುತ್ತಾನೆ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಆಯಿ ಕೊಟ್ಟ ಮಾತು ಮಾತ್ರ ತೀರದೆ ಉಳಿದುಬಿಡುತ್ತದೆ. ಅವ್ವ ಒಂದು ದಿನ ಮೆಟ್ಟಿಲ ಮೇಲೆ ನಿಂತು ಅಂದಳು, "ನಿಶೀ, ಅದು ನಮ್ಮ ಜಾಡಿ ಅಲ್ಲವಾ."

ಜನವರಿ ಆರಕ್ಕೆ ಒಶಾವಾದ ಬಸ್ಸಿನಲ್ಲಿ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹೊರಗೆ ಹೆದ್ದಾರಿಯ ಹಿಮ ಬೂದಿಯ ಬಣ್ಣ. ಪಕ್ಕದ ಹೆಂಗಸು ಏನದು ಅಂತ ಕೇಳಿದಳು. ಟೊಮ್ಯಾಟೊ ಅಂದೆ.

ಮರಾಲ್ ಬಾಗಿಲು ತೆರೆದು ನನ್ನನ್ನು ತಬ್ಬಿಕೊಂಡಳು. ಹಬ್ಬದ ಮೇಜಿನ ಮೇಲೆ ಮೀನು, ಅನ್ನ, ಪಾಲಕ್. ಹಾಗಪ್ಪಜ್ಜ ಸೊರಗಿದ್ದ, ಈಗ ತಲೆಯೂ ನಡುಗುತ್ತಿತ್ತು. ಜಾಡಿಯನ್ನು ಅವನ ಮುಂದೆ ಇಟ್ಟೆ. ಇಟ್ಟ ಕೈಯನ್ನು ಮುಚ್ಚಳದ ಮೇಲಿಂದ ತೆಗೆಯಲಾಗಲಿಲ್ಲ.

ಅಜ್ಜ ನನ್ನ ಕೈಯನ್ನೇ ನೋಡಿದ.

"ತೆಗೆಯೋದು ಬೇಡವಾದರೆ ಬೇಡ ಮಗೂ," ಅಂದ. "ಮನೆಗೆ ತಗೊಂಡು ಹೋಗು. ತಿನ್ನದೇ ಇಟ್ಟುಕೊಳ್ಳೋದು ಏನು ಅಂತ ನನಗೆ ಗೊತ್ತು."

"ನಿನ್ನ ತಾಟಿನಲ್ಲಿ ಇಡ್ತೀನಿ ಅಂತ ಆಯಿ ಮಾತು ಕೊಟ್ಟಿದ್ದಳು," ಅಂದೆ.

"ಸಿರಾನುಷ್ ಕುರ್ಚಿಯಲ್ಲಿ ಕೂತು ಅಷ್ಟು ಕಷ್ಟಪಟ್ಟದ್ದು ನಾನು ತಿನ್ನಲಿ ಅಂತ. ನಾನು ಒಂದನ್ನೂ ತಿನ್ನಲಿಲ್ಲ. ನಿಮ್ಮಜ್ಜಿ ಚೆಲ್ಲಿದ್ದಕ್ಕಲ್ಲ ಅವತ್ತು ನನಗೆ ನೋವಾದದ್ದು, ಅದಕ್ಕೆ. ನಿಮ್ಮಜ್ಜಿಗೆ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ."

ಮರಾಲ್ ಅಡಿಗೆಮನೆಯ ಕಡೆ ತಿರುಗಿ ನಿಂತಳು.

ನಾನು ಮುಚ್ಚಳ ತಿರುಗಿಸಿದೆ. ಬಿಗಿಯಾಗಿತ್ತು; ಹೃದಯ ಸೋರುತ್ತಿದ್ದವಳು ಎಲ್ಲಿಂದ ತಂದಳೋ ಅಷ್ಟು ಬಲ. ಎರಡನೆಯ ಸಲಕ್ಕೆ ಬಿಟ್ಟುಕೊಟ್ಟಿತು. ಹುಳಿ ವಾಸನೆ, ಹಸಿರು ವಾಸನೆ. ಕಾಯಿ ಗಟ್ಟಿಯಾಗಿತ್ತು. ಒಂದನ್ನು ಎತ್ತಿ ದಾರ ಬಿಚ್ಚಿ, ನಾಲ್ಕು ಹೋಳು ಮಾಡಿ, ಹಾಗಪ್ಪಜ್ಜನ ತಾಟಿನಲ್ಲಿ ಇಟ್ಟೆ.

ಅವನ ಫೋರ್ಕು ತಾಟಿಗೆ ಬಡಿಯುತ್ತ ಬಡಿಯುತ್ತ ಒಂದು ಹೋಳನ್ನು ಹಿಡಿಯಿತು. ಬಾಯಿಗೆ ಹಾಕಿಕೊಂಡ. ಕರುಂ ಅಂತ ಸದ್ದಾಯಿತು. ಅಗಿದ, ನಿಧಾನಕ್ಕೆ, ಕಣ್ಣು ತುಂಬಿಕೊಂಡು.

"ಬೆಳ್ಳುಳ್ಳಿ ಜಾಸ್ತಿ," ಅಂದ. "ಸಿರಾನ್ ಆಗಿದ್ದರೆ ಜಗಳ ಆಡಿಬಿಡ್ತಿದ್ದಳು."

ಹಾಗೆಂದು ಎರಡನೆಯ ಹೋಳು ತಿಂದ. ಮೂರನೆಯದನ್ನೂ ತಿಂದ. ಕೊನೆಯದನ್ನು ನನ್ನ ಕಡೆ ಸರಿಸಿದ. ನಾನೂ ತಿಂದೆ.